ಬೀರದಿನ್ನಿಯಲ್ಲಿ ಹುಟ್ಟುವುದನ್ನು ಕ್ರಮಬದ್ಧಗೊಳಿಸುವ ಕುರಿತು

ವಂಶಾವಳಿ ಹಾಗೂ ಮೂಲಸ್ಥಳ ನಮೂದು ಕಚೇರಿ
(ಯಾವ ಇಲಾಖೆಗೆ ಸೇರಿದ್ದೆಂಬುದು ಪರಿಶೀಲನೆಯಲ್ಲಿದೆ)
ನವನಗರ, ಬಾಗಲಕೋಟೆ

ಸಂಖ್ಯೆ: ವಂಮೂನ/ಮುಳುಗಡೆ/ಸುತ್ತೋಲೆ-17/2024-25
ದಿನಾಂಕ: 28-08-2024

ವಿಷಯ: ಮನೆತನದ ಚರಿತ್ರೆ ಬರೆಯುವಾಗ ಊರಿನ ಹೆಸರನ್ನೂ ಆಧಾರವನ್ನೂ ಎಲ್ಲರೂ ಒಂದೇ ರೀತಿಯಲ್ಲಿ ನಮೂದಿಸುವ ಬಗ್ಗೆ.

ಉಲ್ಲೇಖ:
(1) ಶ್ರೀಮತಿ ರೇಣವ್ವ ಕೋಂ ಅಮಸಿದ್ದಪ್ಪ ಇವರ ಅರ್ಜಿ, ದಿ. 29-07-2024.
(2) ಸದರಿ ಅರ್ಜಿಯನ್ನು ತಿರಸ್ಕರಿಸಿದ ಈ ಕಚೇರಿಯ ಪತ್ರ, ದಿ. 05-08-2024.
(3) ಸ್ಥಳ ಪರಿಶೀಲನಾ ವರದಿ, ದಿ. 08-08-2024 (ಒದ್ದೆಯಾಗಿದೆ).
(4) ಸದರಿ ರೇಣವ್ವನವರು ಮೊರ ಹಿಡಿದು ಕಚೇರಿಯ ಅಂಗಳದಲ್ಲಿ ಕುಳಿತದ್ದು, ದಿ. 21-08-2024.

ಪ್ರಸ್ತಾವನೆ:

ವಂಶಾವಳಿ ಕೋರಿ ಬರುವ ಸಾರ್ವಜನಿಕರು ತಮ್ಮ ಹಿರಿಯರು ಹುಟ್ಟಿದ ಜಾಗವನ್ನು ಮನಸ್ಸಿಗೆ ಬಂದಂತೆ, ಎಂದರೆ ಹಿರಿಯರು ಎಲ್ಲಿ ಹುಟ್ಟಿದ್ದರೋ ಅಲ್ಲಿಯೇ ಎಂದು, ಬರೆಯುತ್ತಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಒಂದೇ ಊರು ಅಜ್ಜನ ಕಾಗದದಲ್ಲಿ ವಿಜಾಪುರ ಜಿಲ್ಲೆಯಲ್ಲಿದೆ, ಮಗನ ಕಾಗದದಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿದೆ, ಮೊಮ್ಮಗಳ ಕಾಗದದಲ್ಲಿ ಊರೇ ಇಲ್ಲ, ಬರೀ ಸೆಕ್ಟರ್ ನಂಬರ್ ಇದೆ. ಈ ಮೂರನ್ನೂ ಬರೆದುಕೊಟ್ಟವು ಸರ್ಕಾರಿ ಕಚೇರಿಗಳೇ ಆದಾಗ್ಯೂ, ಇದರ ಸಂಪೂರ್ಣ ಹೊಣೆ ಹುಟ್ಟಿದವರದೇ ಆಗಿರುತ್ತದೆ.

ಸೆಕ್ಟರ್ 47ರ ನಿವಾಸಿ ರೇಣವ್ವ, ವಯಸ್ಸು 71, ದಿ. 29-07-2024ರಂದು ಕೌಂಟರಿಗೆ ಬಂದರು. ಅವರ ಮೊಮ್ಮಗಳು ಜಯಶ್ರೀ ಸರ್ಕಾರಿ ಆಸ್ಪತ್ರೆಯೊಂದರ ನರ್ಸ್ ಹುದ್ದೆಗೆ ಮುಳುಗಡೆ ಕುಟುಂಬದವರ ಪಾಲಿನಲ್ಲಿ ಆಯ್ಕೆಯಾಗಿದ್ದು, ತನ್ನ ಮುತ್ತಜ್ಜ ಬೀರದಿನ್ನಿಯ ಮಾಳಿಂಗಪ್ಪ ಎಂದೂ, ಅವರ ಮನೆ ಆಣೆಕಟ್ಟಿನ ಹಿನ್ನೀರಿಗೆ ಹೋಯಿತೆಂದೂ ತೋರಿಸುವ ವಂಶಾವಳಿಯನ್ನು ದಿ. 23-08-2024ರ ಸಂಜೆ ಐದರೊಳಗೆ ಸಲ್ಲಿಸಬೇಕಿತ್ತು. ಸಲ್ಲಿಸದಿದ್ದಲ್ಲಿ ಹುದ್ದೆ ಮುಂದಿನವರಿಗೆ. ಇದು ಕಚೇರಿಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಯಾವ ಅವಸರವನ್ನೂ ಮಾಡಲಾಗಲಿಲ್ಲ.

ಬೀರದಿನ್ನಿಯು ರೇಣವ್ವ ಹದಿನೇಳನೇ ವಯಸ್ಸಿಗೆ ಸೊಸೆಯಾಗಿ ಹೊಕ್ಕ ಊರು. ಬೇಸಿಗೆಯಲ್ಲಿ ನೀರು ಇಳಿದು ಗೋಡೆಗಳ ಬುಡ ಕಂಡಾಗ ಈಗಲೂ ಹೋಗಿ, ಬೀರಪ್ಪನ ಕಟ್ಟೆಗೆ ಭಂಡಾರ ಹಚ್ಚಿ, ತನ್ನ ಒಲೆಯಿದ್ದ ಜಾಗದಲ್ಲಿ ಒಂದು ಗಳಿಗೆ ಕುಳಿತು ಬರುತ್ತಾರೆ. ಈ ವಿವರಗಳನ್ನು ಕಚೇರಿಯು ಕೇಳಿರಲಿಲ್ಲ. ಕೇಳದೆಯೇ ಹೇಳಿದ್ದರಿಂದ ಕಡತಕ್ಕೆ ಸೇರಿವೆ. ಕೌಂಟರಿನಲ್ಲಿದ್ದ ದ್ವಿತೀಯ ದರ್ಜೆ ಸಹಾಯಕಿ ಮುಬಶೀರಾ ಅವರ ಸಂಗಡ ನಡೆದ ಮಾತು ಇಂತಿದೆ:

"ಆಯಿ, ನಿಮ್ಮ ಮಾವನೋರು ಹುಟ್ಟಿದ ಊರು ಯಾವ್ದು?"

"ಬೀರದಿನ್ನಿ."

"ಆ ಊರು ಕಂಪ್ಯೂಟರದಾಗ ಇಲ್ಲಲ್ರಿ."

"ಕಂಪ್ಯೂಟರದಾಗ ಯಾಕ ಇರತೈತಿ ತಂಗಿ? ನೀರಾಗ ಐತಿ."

ಇದಕ್ಕೆ ಮುಬಶೀರಾ ನಕ್ಕಿದ್ದು ಸಿಸಿ ಟಿವಿಯಲ್ಲಿ ಕಂಡುಬಂದಿದೆ. ಸದರಿ ನಗುವಿಗೆ ಆಧಾರ ಒದಗಿಸುವಂತೆ ಅವರಿಗೆ ನೋಟೀಸು ನೀಡಲಾಗಿದೆ. ವಿಭಾಗಾಧಿಕಾರಿ ಶ್ರೀ ಪ್ರೇಮಕುಮಾರ ಅವರು ಖುದ್ದು ಹೊರಬಂದು, ಅಸ್ತಿತ್ವದಲ್ಲಿಲ್ಲದ ಊರಿನಲ್ಲಿ ಹುಟ್ಟಲು ಅವಕಾಶವಿರುವುದಿಲ್ಲವೆಂದು ವಿವರಿಸಲಾಗಿ, ಅರ್ಜಿದಾರರು, "ಎಪ್ಪಾ, ನಮ್ಮ ಮಾವ ಹುಟ್ಟೂಮುಂದ ಊರು ಇತ್ತು. ಮುಳಗಿಸಿದವ್ರು ನೀವು, ಇಲ್ಲ ಅನ್ನವ್ರೂ ನೀವು. ಕಣ್ಣು ಕಿತ್ತು ಕುರುಡ ಅಂತ ಬೈದಂಗಾತಲ್ಲ!" ಎಂದರು. ಈ ಹೇಳಿಕೆ ನಿಗದಿತ ನಮೂನೆಯಲ್ಲಿ ಇಲ್ಲದ್ದರಿಂದ ಪರಿಗಣಿಸಲಾಗಲಿಲ್ಲ.

ಆದಾಗ್ಯೂ ಯಾರಿಗೂ ಅನ್ಯಾಯವಾಗಬಾರದೆಂಬ ದೃಷ್ಟಿಯಿಂದ ಅರ್ಜಿಯನ್ನು ಮೊದಲು ತಿರಸ್ಕರಿಸಿ, ನಂತರ ತನಿಖೆ ಮಾಡಲಾಯಿತು. ಪರಿವೀಕ್ಷಕ ಸಂಗಯ್ಯ ಅವರು ತುಂಬಿದ ಹಿನ್ನೀರಿನ ದಂಡೆಯಲ್ಲಿ ನಿಂತು ಬೀರದಿನ್ನಿಯನ್ನು ಮೂರು ಸಲ ಹೆಸರು ಹಿಡಿದು ಕೂಗಿದರು. ಊರು ಹಾಜರಾಗಲಿಲ್ಲ. ಎರಡು ಬೆಳ್ಳಕ್ಕಿಗಳು ಹಾಜರಿದ್ದವು. ಪಂಚನಾಮೆಗೆ ಸಹಿ ಮಾಡಲು ನಿರಾಕರಿಸಿ ಹಾರಿಹೋದವು.

ಈ ಎಲ್ಲ ಹಿನ್ನೆಲೆಯಲ್ಲಿ, ಇನ್ನು ಮುಂದೆ ಹುಟ್ಟುವವರೂ ಈಗಾಗಲೇ ಹುಟ್ಟಿ ಸತ್ತವರೂ ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ:

1. "ಊರು" ಎಂದರೆ ಕಚೇರಿಯ ಜೀಪು ಹೋಗಿ, ತಿರುಗಿಸಿಕೊಂಡು ಬರಲು ಸಾಧ್ಯವಿರುವ ಜಾಗ. ಜೀಪು ಹೋಗದ ಜಾಗದ ಹೆಸರುಳ್ಳ ಯಾವುದೇ ಕಾಗದ, ಪ್ರಮಾಣಪತ್ರ, ಆದೇಶ ಅಥವಾ ಮೊಹರು ತನ್ನಿಂದ ತಾನೇ ರದ್ದಾಗತಕ್ಕದ್ದು. ಇದು ಹಿಂದಿನ ದಿನಾಂಕಗಳಿಗೂ ಅನ್ವಯಿಸುತ್ತದೆ.

2. ಬೀರದಿನ್ನಿಯು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೀರಿನಿಂದ ಹೊರಗಿರುವುದಾಗಿ ದನಗಾಹಿಗಳಿಂದ ವರದಿಯಾಗಿದೆ. ಆದುದರಿಂದ ಈ ಎರಡು ತಿಂಗಳಲ್ಲಿ ಹುಟ್ಟಿದವರನ್ನು ಮಾತ್ರ ಬೀರದಿನ್ನಿಯಲ್ಲಿ ಹುಟ್ಟಿದವರೆಂದು ಬರೆಯಬಹುದು. ರೇಣವ್ವನವರ ದಿವಂಗತ ಪತಿ ಅಮಸಿದ್ದಪ್ಪ ಶ್ರಾವಣ ಮಾಸದಲ್ಲಿ ಹುಟ್ಟಿದ್ದು, ಹುಟ್ಟುವಾಗ ಅವರಿಗೆ ಈಜು ಬರುತ್ತಿತ್ತೆಂಬ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು.

3. ಮುಳುಗಿದ ಊರಿನ ಹಿರಿಯರನ್ನು ಅವರ ಮೊಮ್ಮಕ್ಕಳು ಈಗ ವಾಸವಿರುವ ಸೆಕ್ಟರಿನಲ್ಲೇ ಹುಟ್ಟಿದವರೆಂದು ಬರೆಯತಕ್ಕದ್ದು. ಇದರಂತೆ ಮಾಳಿಂಗಪ್ಪನವರು 1921ರಲ್ಲಿ ಸೆಕ್ಟರ್ 47ರಲ್ಲಿ ಹುಟ್ಟಿರುತ್ತಾರೆ. ಸದರಿ ಸೆಕ್ಟರ್ ಹಂಚಿಕೆಯಾದದ್ದು 2001ರಲ್ಲಿ. ಹಂಚಿಕೆಗೆ ಎಂಬತ್ತು ವರ್ಷ ಮೊದಲೇ ಸರ್ಕಾರಿ ನಿವೇಶನದಲ್ಲಿ ಹುಟ್ಟಿದ್ದು ಅಕ್ರಮ ಒತ್ತುವರಿಯಾದ್ದರಿಂದ, ಮಾಳಿಂಗಪ್ಪನವರು ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಅವರು 1983ರಲ್ಲೇ ತೀರಿಕೊಂಡಿರುವುದು ವಿನಾಯಿತಿಗೆ ಕಾರಣವಾಗದು.

4. "ನಮ್ಮ ಅಜ್ಜಿ ಹೇಳ್ತಿದ್ಲು" ಎಂಬುದನ್ನು ಆಧಾರವೆಂದು ಬರೆಯುವವರು ಅಜ್ಜಿಯ ಮೂಲಪ್ರತಿಯೊಂದಿಗೆ ಎರಡು ದೃಢೀಕೃತ ನಕಲುಗಳನ್ನು ಸಲ್ಲಿಸತಕ್ಕದ್ದು. ಬೀಸುವ ಪದ, ಜೋಗುಳ, ಸತ್ತವರ ಮುಂದೆ ಹಾಡಿಕೊಂಡು ಅತ್ತದ್ದು ಇವುಗಳಲ್ಲಿ ಊರಿನ ಹೆಸರು ಬಂದಿದ್ದಲ್ಲಿ ಪುಟಸಂಖ್ಯೆ ಕಡ್ಡಾಯ.

5. ಇಳಕಲ್ಲಿನ ಜಾಫರಸಾಬ ಎಂಬುವವರು ತಮ್ಮ ಅಜ್ಜನ ಊರಿಗೆ ಆಧಾರವಾಗಿ ಗೋರಿಯ ಮೇಲಿನ ಬರಹದ ಫೋಟೋ ತಂದಿದ್ದರು. ಫೋಟೋ ನಡೆಯದು, ಮೂಲ ಬೇಕು ಎನ್ನಲಾಯಿತು. ಕಲ್ಲನ್ನೇ ತರುವೆನೆಂದಾಗ, ಗ್ರಾನೈಟ್ ಸಾಗಿಸಲು ಗಣಿ ಪರವಾನಗಿ ಬೇಕು ಎನ್ನಲಾಯಿತು. "ಹಂಗಾರ ಅಜ್ಜನ್ನ ಎಬಿಸ್ಕೊಂಡ ಬರ್ಲೇನ್ರಿ?" ಎಂದು ಅವರು ಕೇಳಿದ್ದು, ಗುರುತಿನ ಚೀಟಿ ಇದ್ದಲ್ಲಿ ಕರೆತರಬಹುದೆಂದು ಸ್ಪಷ್ಟಪಡಿಸಲಾಗಿದೆ.

6. ಹೆಳವರ ಹೊತ್ತಿಗೆಯನ್ನು ಯಾವ ಕಾರಣಕ್ಕೂ ಆಧಾರವೆಂದು ಒಪ್ಪತಕ್ಕದ್ದಲ್ಲ.

ಆರನೇ ಅಂಶದ ಬಗ್ಗೆ ವಿವರಣೆ ಅವಶ್ಯವಿದೆ. ಹೆಳವರೆಂದರೆ ಮನೆಮನೆಯ ಪೀಳಿಗೆಗಳನ್ನು ಹೊತ್ತಿಗೆಯಲ್ಲಿ ಬರೆದಿಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಬಂದು, ಅಂಗಳದಲ್ಲಿ ನಿಂತು ಊರಿಗೆ ಕೇಳುವಂತೆ ಓದಿ ಹೇಳುವವರು. ಮನೆಯವರು ಮೊರದ ತುಂಬ ಜೋಳ ತಂದು ಮುಂದಿಡುವವರೆಗೆ ಹೊತ್ತಿಗೆಯ ದಾರ ಬಿಚ್ಚುವುದಿಲ್ಲ. ಮನೆತನ ಎಲ್ಲಿಗೇ ಹೋಗಿ ನೆಲೆಸಿದರೂ ಅದನ್ನು ಮೂಲ ಊರಿನ ಹಾಳೆಯಲ್ಲಿಯೇ ಬರೆಯುತ್ತಾರೆ. ಜಿಲ್ಲೆ ಒಡೆಯಲಿ, ಹೊಳೆ ಬರಲಿ, ಹಾಳೆಯ ಹೆಸರು ಬದಲಾಗದು. ಹೀಗಾಗಿ ಇವರ ಹೊತ್ತಿಗೆಯಲ್ಲಿ ಬೀರದಿನ್ನಿಯು ಆರು ಪೀಳಿಗೆಯಿಂದ ಬೀರದಿನ್ನಿಯೇ ಆಗಿದೆ. ಇಂತಹ ಏಕರೂಪತೆ ಕಚೇರಿಯ ಅನುಭವದಲ್ಲಿ ಇದೇ ಮೊದಲಾದ್ದರಿಂದ ಅನುಮಾನಾಸ್ಪದವೆಂದು ಪರಿಗಣಿಸಲಾಯಿತು.

ದಿ. 21-08-2024ರಂದು, ಕೊನೆಯ ದಿನಾಂಕಕ್ಕೆ ಎರಡು ದಿನ ಉಳಿದಿರುವಾಗ, ರೇಣವ್ವನವರು ಫೋನು ಮಾಡಿ ಕರೆಸಿದ್ದರಿಂದ ಹುನಗುಂದದ ಕಡೆಯ ಹೆಳವರಾದ ಅಮಾತೆಪ್ಪ ಮೋಟಾರ್ ಸೈಕಲ್ ಮೇಲೆ ಕಚೇರಿಗೆ ಬಂದರು. ರೇಣವ್ವ ಮೊರದ ತುಂಬ ಬಿಳಿಜೋಳ ಹೊತ್ತು ತಂದಿದ್ದರು. ಜೀಪು ಹೋಗದ ಜಾಗ ಊರಲ್ಲ, ಹೊತ್ತಿಗೆಯೂ ನಡೆಯದು ಎಂದು ವಿಭಾಗಾಧಿಕಾರಿಗಳು ತಿರಸ್ಕಾರ ಪತ್ರದ ಪ್ರತಿಯನ್ನು ಮುಂದೆ ಹಿಡಿಯಲಾಗಿ, ಅಮಾತೆಪ್ಪನವರು ಅದನ್ನು ಬೆಳಕಿಗೆ ಹಿಡಿದು, ಪತ್ರವನ್ನು ಬಿಟ್ಟು ಅದರ ಕೆಳಗಿನ ಶಿಕ್ಕಾವನ್ನು, ಎಂದರೆ ಮೊಹರನ್ನು, ಓದಿದರು. ಮೊದಲು ಊರು ನೋಡುವುದು ಇವರ ಕಸುಬಿನ ರೂಢಿಯೆಂದು ತಿಳಿದುಬಂದಿದೆ.

"ಸಾಹೇಬ್ರ, ಈ ಶಿಕ್ಕಾದಾಗ ಯಾವ ಊರು ಐತ್ರಿ?"

"ಹೊಳೆದಂಡೆ ಓಣಿ, ಹಳೇ ಬಾಗಲಕೋಟೆ, ಜಿಲ್ಲಾ ವಿಜಾಪುರ," ಎಂದು ವಿಭಾಗಾಧಿಕಾರಿಗಳು ಓದಿದರು.

"ಆ ಓಣಿಗೆ ನಿಮ್ಮ ಜೀಪು ಹೊಕ್ಕೈತೇನ್ರಿ? ಆರಾಳು ನೀರೈತಿ."

ಹಳೇ ಊರಿನಿಂದ ಸ್ಥಳಾಂತರವಾದಾಗ ಕಚೇರಿಯು ಖುರ್ಚಿ, ಗಡಿಯಾರ ಮತ್ತು ರಬ್ಬರ್ ಶಿಕ್ಕಾವನ್ನು ತಂದಿತ್ತು. ಖುರ್ಚಿ ಮತ್ತು ಗಡಿಯಾರಗಳನ್ನು ಬದಲಿಸಲಾಗಿದೆ. ಶಿಕ್ಕಾವನ್ನು ಬದಲಿಸುವ ಪ್ರಸ್ತಾವನೆಗೆ ಇದೇ ಶಿಕ್ಕಾ ಒತ್ತಬೇಕಿದ್ದರಿಂದ ಇಪ್ಪತ್ತೆರಡು ವರ್ಷದಿಂದ ಕಡತ ಚಲಿಸಿಲ್ಲ. ಅಂಶ 1ರ ಪ್ರಕಾರ ಈ ಶಿಕ್ಕಾ ಬಿದ್ದ 14,306 ಪ್ರಮಾಣಪತ್ರಗಳು, ರೇಣವ್ವನವರ ತಿರಸ್ಕಾರ ಪತ್ರ, ಹಾಗೂ ಶ್ರೀ ಪ್ರೇಮಕುಮಾರ ಅವರು ಇದೇ ಕಚೇರಿಯಿಂದ ಪಡೆದು ನೌಕರಿಗೆ ಸೇರಿದ ಅವರ ಸ್ವಂತ ವಂಶಾವಳಿ, ಎಲ್ಲವೂ ಆ ಕ್ಷಣಕ್ಕೆ ರದ್ದಾದವು. ಸುಮಾರು ಮೂವತ್ತಾರು ನಿಮಿಷ ಕಚೇರಿಯಲ್ಲಿ ಅಧಿಕಾರಿ ಇರಲಿಲ್ಲ. ಶ್ರೀ ಪ್ರೇಮಕುಮಾರ ಎಂಬ ವ್ಯಕ್ತಿ ಮಾತ್ರ ಇದ್ದರು.

ಕಚೇರಿಯು ತಾನು ಎಲ್ಲಿ ಹುಟ್ಟಿತೆಂಬುದಕ್ಕೆ ಆಧಾರ ಹುಡುಕಲಾಗಿ, ಸ್ಥಾಪನಾ ಆದೇಶವು ಸ್ಥಳಾಂತರದ ಟ್ರ್ಯಾಕ್ಟರಿನಿಂದ ಬಿದ್ದುಹೋದದ್ದು ತಿಳಿಯಿತು. ಆಗ ಅಮಾತೆಪ್ಪನವರು, ಆ ಓಣಿಯ ದೇಸಾಯರ ಮನೆತನದ ಹಾಳೆಯಲ್ಲಿ, ಅವರು ತಮ್ಮ ಪಡಸಾಲೆಯನ್ನು ಕಚೇರಿಗೆ ಬಿಟ್ಟುಕೊಟ್ಟ ವರ್ಷ ಬರೆದಿದೆ ಎಂದು ತಿಳಿಸಿದರು. ಓದಿರೆಂದು ಕೋರಲಾಯಿತು.

"ಮೊರ ಎಲ್ಲೈತ್ರಿ?" ಎಂದರು.

ಜೋಳ ಖರೀದಿಗೆ ಕಚೇರಿಯಲ್ಲಿ ಲೆಕ್ಕಶೀರ್ಷಿಕೆ ಇರುವುದಿಲ್ಲ. ಆವರಣದಲ್ಲಿದ್ದ ಒಂದೇ ಮೊರ ರೇಣವ್ವನವರ ತೊಡೆಯ ಮೇಲಿತ್ತು. ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನು ಒಪ್ಪಿಸುವಂತೆ ಸೂಚಿಸಲಾಯಿತು. ಆಕೆ ಮೊರವನ್ನು ಎದೆಗವಚಿಕೊಂಡು ಹೇಳಿದ್ದು:

"ಇಪ್ಪತ್ತಮೂರು ದಿನಾತು, ನಾ ನಿಮ್ಮ ಬಾಗಲದಾಗ ನಿಂತು. ಮದಲ ನಮ್ಮ ಹುಡಿಗಿ ಕಾಗದ. ಆಮ್ಯಾಲ ನಿಮಗ ಜೋಳ. ನಿಮ್ಮ ಅಪ್ಪ ಯಾರು, ಊರು ಯಾವ್ದು ಅಂತ ಆಮ್ಯಾಲ ಕೇಳೂಣಂತ."

ಮುಬಶೀರಾ ಅವರು ಕಾಗದವನ್ನು ಬರೆದರು. ಹುಟ್ಟಿದ ಊರು: ಬೀರದಿನ್ನಿ. ಆಧಾರ: ಹೆಳವರ ಹೊತ್ತಿಗೆ. ಶಿಕ್ಕಾ ಒತ್ತಿದ್ದು 3 ಗಂಟೆ 40 ನಿಮಿಷಕ್ಕೆ. ನಂತರ ಸಿಬ್ಬಂದಿಯೆಲ್ಲ ಅಂಗಳದಲ್ಲಿ ಎದ್ದು ನಿಂತು, ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ಕಚೇರಿಯು 1961ರಲ್ಲಿ ದೇಸಾಯರ ಪಡಸಾಲೆಯಲ್ಲಿ ಹುಟ್ಟಿತೆಂಬುದನ್ನು ಆಲಿಸಿದ್ದು 4 ಗಂಟೆ 5 ನಿಮಿಷಕ್ಕೆ. ಇಷ್ಟು ಓದಿ ಅಮಾತೆಪ್ಪನವರು ಹೊತ್ತಿಗೆ ಕಟ್ಟಿದರು. ಕಚೇರಿಯು ನವನಗರಕ್ಕೆ ಬಂದ ಹಾಳೆಯನ್ನೂ ಓದಬೇಕೆಂದು ಕೋರಲಾಗಿ, "ಬೀರದಿನ್ನಿಯವ್ರು ಇನ್ನೂ ಇನ್ನೂರಾ ಹನ್ನೆರಡ ಮಂದಿ ಅದಾರ್ರಿ. ಅವರ ಕಾಗದ ಆಗ್ಲಿ, ಉಳದದ್ದು ಓದ್ತೇನಿ," ಎಂದು ಗಾಡಿ ಹತ್ತಿ ಹೋದರು. ಜಯಶ್ರೀ ಮರುದಿನ ಕಾಗದ ಸಲ್ಲಿಸಿ ರಸೀದಿ ಪಡೆದಿರುತ್ತಾರೆ.

ಈ ಹಿನ್ನೆಲೆಯಲ್ಲಿ ಮುಂದುವರಿದು ಆದೇಶಿಸಿದ್ದೇನೆಂದರೆ:

7. ಶಿಕ್ಕಾ ಒತ್ತಿದ ಹಾಗೂ ಶಿಕ್ಕಾಕ್ಕೆ ಊರು ಸಿಕ್ಕ ಸಮಯಗಳ ನಡುವಿನ ಇಪ್ಪತ್ತೈದು ನಿಮಿಷವನ್ನು ಮನ್ನಾ ಮಾಡಲಾಗಿದೆ.

8. ಹೆಳವರ ಹೊತ್ತಿಗೆಯು ಕಚೇರಿಗಳ ಹುಟ್ಟಿಗೆ ಮಾತ್ರ ಆಧಾರವಾಗತಕ್ಕದ್ದು, ಮನುಷ್ಯರ ಹುಟ್ಟಿಗಲ್ಲ. ಮುಳುಗಿದ ಊರಿನಲ್ಲಿ ಹುಟ್ಟುವ ಹಕ್ಕೂ ಕಚೇರಿಗಳಿಗೇ ಮೀಸಲು. ರೇಣವ್ವನವರ ಪ್ರಕರಣವನ್ನು ಪೂರ್ವನಿದರ್ಶನವೆಂದು ಉಳಿದ 212 ಜನ ಉಲ್ಲೇಖಿಸತಕ್ಕದ್ದಲ್ಲ.

9. ಕಚೇರಿಯ ಆವರಣದಲ್ಲಿ ಮೊರ ತರುವುದನ್ನು ಈ ದಿನದಿಂದ ನಿಷೇಧಿಸಿದೆ. ಈ ದಿನ ಬೆಳಿಗ್ಗೆ ಗೇಟಿನ ಹೊರಗೆ 212 ಮೊರಗಳು ಸಾಲಾಗಿ ಕುಳಿತಿರುವುದು ಕಂಡುಬಂದಿದ್ದು, ಗೇಟಿನ ಹೊರಗಿನ ಜಾಗ ಯಾವ ಊರಿಗೆ ಸೇರಿದ್ದೆಂದು ಪರಿಶೀಲಿಸಲಾಗುತ್ತಿದೆ.

(ಸಹಿ)
ಪ್ರೇಮಕುಮಾರ
ಪ್ರಭಾರ ವಿಭಾಗಾಧಿಕಾರಿ
(ಸ್ವಂತ ವಂಶಾವಳಿ ಇತ್ಯರ್ಥವಾಗುವವರೆಗೆ)

ಪ್ರತಿಗಳು:
1. ಶ್ರೀ ಅಮಾತೆಪ್ಪ, ಹೆಳವರು, ಹುನಗುಂದ ತಾಲೂಕು: ಉಳಿದ ಹಾಳೆಯನ್ನು ಓದಲು ಮತ್ತೊಮ್ಮೆ ವಿನಂತಿಸಿ. ನೋಟೀಸಿನ ರೂಪದಲ್ಲಿ ಅಲ್ಲ.
2. ದಿವಂಗತ ಮಾಳಿಂಗಪ್ಪ, ಸೆಕ್ಟರ್ 47: ಅಂಶ 3ರ ಸಮಜಾಯಿಷಿ ಇನ್ನೂ ಬಂದಿಲ್ಲ.
3. ಶ್ರೀಮತಿ ಮುಬಶೀರಾ, ದ್ವಿ.ದ.ಸ.: ಮತ್ತೆ ನಕ್ಕಿರುವ ಬಗ್ಗೆ.
4. ಶ್ರೀಮತಿ ರೇಣವ್ವ: ಖಾಲಿ ಮೊರ ಹಿಂದಿರುಗಿಸಿದ್ದಕ್ಕೆ ಸ್ವೀಕೃತಿ ನೀಡಲು. ಮೊರವನ್ನು ಗೇಟಿನ ಮುಂದಿನ ಸಾಲಿನಲ್ಲಿ ಮತ್ತೆ ಕಂಡಿರುವುದಾಗಿ ವರದಿಯಾಗಿದೆ.
5. ಸೂಚನಾ ಫಲಕ, ಗ್ರಾಮ ಚಾವಡಿ, ಬೀರದಿನ್ನಿ: ನೀರು ಇಳಿದ ಕೂಡಲೇ ಅಂಟಿಸಲು.