ಅತ್ತೆಯವರಿಗೆ ಇಟ್ಟ ಕ್ಯಾಮೆರಾ

ಮೂವತ್ತೊಂದು ವರ್ಷ ಅವೆನ್ಯೂ ರಸ್ತೆಯಲ್ಲಿ ಕಾಗದದ ವ್ಯಾಪಾರ ಮಾಡಿದವನಿಗೆ ಒಂದು ರೌಟರ್ ಯಾವ ಲೆಕ್ಕ? ಹಾಗಂತ ನಾನು ಅಂದುಕೊಂಡಿದ್ದೆ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಶಂಕರಪುರದ ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ರಿಪೇರಿ ನನ್ನದೇ. ಮಿಕ್ಸಿ ಬಿಚ್ಚಿದ್ದೇನೆ, ಗೀಸರ್ ಬಿಚ್ಚಿದ್ದೇನೆ, ಬಾಗಿಲ ಬೀಗ ಬಿಚ್ಚಿದ್ದೇನೆ. ಬಿಚ್ಚಿದ್ದನ್ನು ಮಾತ್ರ ಹೇಳುತ್ತಿದ್ದೇನೆ. ಜೋಡಿಸಿದ್ದರ ಬಗ್ಗೆ ನನ್ನ ಹೆಂಡತಿ ವಿಮಲಳನ್ನು ದಯವಿಟ್ಟು ಕೇಳಬೇಡಿ.

ವಿಮಲಳ ತಂಗಿ ಇರುವುದು ದಾವಣಗೆರೆಯಲ್ಲಿ. ಆ ತಂಗಿಯ ಮಗಳಿಗೆ ಹೆರಿಗೆಯಾಯಿತು. "ಬಾಣಂತನಕ್ಕೆ ಎರಡು ವಾರ ಬಂದಿರಕ್ಕ" ಎಂದು ಫೋನು ಬಂತು. ವಿಮಲ ಒಂಬತ್ತು ವರ್ಷದಿಂದ ಮನೆ ಬಿಟ್ಟು ಒಂದು ದಿನ ಎಲ್ಲೂ ಉಳಿದವಳಲ್ಲ. ಕಾರಣ ಅವಳ ತಾಯಿ, ನನ್ನ ಅತ್ತೆ ಗೌರಮ್ಮನವರು. ಎಂಬತ್ತೆರಡು ವಯಸ್ಸು, ನಮ್ಮ ಜೊತೆಯಲ್ಲೇ ಇದ್ದಾರೆ. ಕೈಕಾಲು ಗಟ್ಟಿ, ಕಿವಿ ಮಂದ. ಫೋನಿನಲ್ಲಿ ಮಾತಾಡಿದರೆ ಅವರಿಗೆ ಏನೂ ಕೇಳಿಸುವುದಿಲ್ಲ.

ಇನ್ನೊಂದು ತೊಡಕೂ ಇತ್ತು. ಅತ್ತೆಯವರು ಹಳೇ ಪದ್ಧತಿಯವರು. ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ನೇರವಾಗಿ ಮಾತೂ ಆಡುವುದಿಲ್ಲ. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ. "ಕಾಫಿ ಆರೋಗ್ತಿದೆ" ಎಂದು ಬಾಗಿಲಿಗೆ ಹೇಳಿದರೆ ಅದು ನನಗೆ ಹೇಳಿದ್ದು. ನಾನೂ "ಸಕ್ಕರೆ ಹಾಕೋದು ಬೇಡ" ಎಂದು ಕಿಟಕಿಗೆ ಹೇಳುತ್ತೇನೆ. ಅವರ ಕಿವಿಗೆ ಬೀಳಬೇಕಲ್ಲ, ಅದಕ್ಕೆ ಕಿಟಕಿಗೆ ಕೂಗಿಯೇ ಹೇಳಬೇಕು. ನನಗೆ ಶುಗರ್ ಇರುವ ವಿಷಯ ನಮ್ಮ ಬೀದಿಗೆಲ್ಲ ಗೊತ್ತಾದದ್ದು ಹೀಗೆ. ಇದಕ್ಕಿಂತ ಉದ್ದದ ಮಾತೆಲ್ಲ ವಿಮಲಳ ಮೂಲಕವೇ ಹೋಗಿ ಬರಬೇಕು.

"ಅಮ್ಮ ಊಟ ಮಾಡಿದ್ದು, ಮಾತ್ರೆ ತಗೊಂಡಿದ್ದು ನನ್ನ ಕಣ್ಣಲ್ಲಿ ನೋಡ್ಬೇಕು," ಎಂದಳು ವಿಮಲ. "ನೋಡಕ್ಕಾದ್ರೆ ಎರಡು ವಾರ ಇರ್ತೀನಿ. ಇಲ್ಲಾಂದ್ರೆ ಗುರುವಾರ ಬೆಳಗ್ಗೆ ರೈಲು ಹತ್ತಿ ಬಂದ್ಬಿಡ್ತೀನಿ."

"ಶುಕ್ರವಾರ ಮಗುಗೆ ಹೆಸರಿಡೋದು. ಅದನ್ನೂ ಬಿಟ್ಟು ಬರ್ತೀಯಾ? ನಾನು ನೋಡ್ಕೋತೀನಿ ಅಂದ್ರೆ ನಂಬಲ್ವಾ?"

"ಗೀಸರ್ ಸರಿಯಾಯ್ತು ಅಂತಾನೂ ನೀವೇ ಹೇಳಿದ್ದು."

ಅವಳು ತೊಟ್ಟಿಲಿಗೆ ಹಾಸಲು ಹಳೇ ಮೆತ್ತನೆಯ ಸೀರೆಯೊಂದನ್ನು ಹುಡುಕಿ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಹೋಗುವ ಆಸೆ ಅಷ್ಟಿತ್ತು. ಈ ಸಲ ಇವಳು ಅರ್ಧಕ್ಕೆ ವಾಪಸ್ ಬರಬಾರದು, ಮನೆಯಲ್ಲಿ ಕ್ಯಾಮೆರಾ ಹಾಕಿಯೇ ಸಿದ್ಧ ಎಂದು ಪಣ ತೊಟ್ಟೆ.

ಅಂಗಡಿಯವನು, "ಇದಕ್ಕೆ ಕಂಪನಿ ಆ್ಯಪ್ ಇದೆ ಸರ್, ಎರಡು ನಿಮಿಷದ ಕೆಲಸ," ಎಂದ. ನಾನು ಒಪ್ಪಲಿಲ್ಲ. ನಮ್ಮ ಮನೆಯ ಊಟ ತಿಂಡಿಯ ಚಿತ್ರ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ದಾವಣಗೆರೆಗೆ ಯಾಕೆ ಬರಬೇಕು? ಮನೆಯ ಮಾನ ಮರ್ಯಾದೆ ಅಂತ ಒಂದಿರುತ್ತದೆ. ನಮ್ಮ ರೌಟರಿನಿಂದಲೇ ನೇರ ದಾರಿ ಮಾಡುತ್ತೇನೆ ಎಂದು ಘೋಷಿಸಿದೆ.

ಆ ದಾರಿ ಎಂಥದ್ದೆಂದು ನಿಮಗೂ ತಿಳಿಸಿಬಿಡುತ್ತೇನೆ. ಚಾಮರಾಜಪೇಟೆಯ ಹಳೇ ವಠಾರ ನೆನೆಸಿಕೊಳ್ಳಿ. ರಸ್ತೆಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್, ಒಳಗೆ ಎಂಟು ಸಂಸಾರ. ಬಾಗಿಲಲ್ಲಿ ಮಾಲೀಕರ ತಾಯಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಒಳಗಿನವರು ಯಾರು ಏನು ತರಿಸಿದ್ದಾರೆಂದು ಅವರಿಗೆ ಗೊತ್ತು. ಬಂದದ್ದನ್ನು ಸರಿಯಾದ ಮನೆಗೆ ಕಳಿಸುತ್ತಾರೆ, ಗುರುತಿಲ್ಲದವರನ್ನು ಹಾಗೇ ಸಾಗಹಾಕುತ್ತಾರೆ. ರೌಟರಿನದೂ ಇದೇ ಉದ್ಯೋಗ, ಅದನ್ನು ನ್ಯಾಟ್ ಎನ್ನುತ್ತಾರೆ. ಹೊರಗಿನವರಿಗೆ ನಮ್ಮ ಮನೆಗೆಲ್ಲ ಒಂದೇ ನಂಬರ್. ಒಳಗೆ ಫೋನು, ಟಿವಿ, ಕ್ಯಾಮೆರಾ ಎಲ್ಲಕ್ಕೂ ಬೇರೆ ಬೇರೆ ನಂಬರ್. "ದಾವಣಗೆರೆಯಿಂದ ಯಾರಾದರೂ ಬಂದರೆ ಕ್ಯಾಮೆರಾದ ಹತ್ತಿರ ಕಳಿಸಿ" ಎಂದು ರೌಟರಿಗೆ ಮೊದಲೇ ಬರೆದಿಟ್ಟರೆ ಮುಗಿಯಿತು. ಬರೆದಿಟ್ಟೆ. ಇಂಟರ್‌ನೆಟ್ ಆಫೀಸಿಗೆ ಫೋನು ಮಾಡಿ ಬದಲಾಗದ ಹೊರನಂಬರನ್ನೂ ಹಾಕಿಸಿಕೊಂಡೆ. ಸೋಮವಾರ ಬೆಳಗ್ಗೆ ಆ ನಂಬರನ್ನು ವಿಮಲಳ ಫೋನಿಗೆ ಹಾಕಿ, ಕ್ಯಾಮೆರಾವನ್ನು ನಡುಮನೆಯ ಶೆಲ್ಫಿನ ಮೇಲಿಟ್ಟು ಅವಳನ್ನು ರೈಲು ಹತ್ತಿಸಿ ಬಂದೆ.

ಮನೆಗೆ ಬಂದು ಸೋಫಾದಲ್ಲಿ ಕೂತು ನನ್ನ ಫೋನಿನಲ್ಲಿ ಅದೇ ನಂಬರ್ ಒತ್ತಿದೆ. ತೆರೆಯಲಿಲ್ಲ.

ಇನ್ನೊಮ್ಮೆ ಒತ್ತಿದೆ. ಬಿಳೀ ಪರದೆ, ಮಧ್ಯದಲ್ಲಿ ತಿರುಗುವ ಒಂದು ಚಕ್ರ. ಅದು ತಿರುಗುವುದನ್ನು ನೋಡಿ ನೋಡಿ ನನ್ನ ತಲೆಯೂ ತಿರುಗಲು ಶುರುವಾಯಿತು.

ನಮ್ಮ ರೌಟರ್ ಇರುವುದು ಅಟ್ಟದ ಅಂಚಿನಲ್ಲಿ. ಏಣಿ ತಂದೆ, ಹತ್ತಿದೆ, ಆಫ್ ಮಾಡಿ ಆನ್ ಮಾಡಿದೆ, ಇಳಿದೆ. ತೆರೆಯಲಿಲ್ಲ. ಮತ್ತೆ ಹತ್ತಿದೆ. ನನಗೆ ಒಂದು ಕೆಲಸ ಆಗಲಿಲ್ಲವೆಂದರೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಅಟ್ಟದ ಮೇಲೆ ಕೈಗೆ ಸಿಗುವಂತೆ ಒಂದು ಡಬ್ಬ ಇತ್ತು. ಬಾಣಂತಿಗೆಂದು ವಿಮಲ ಎರಡು ಡಬ್ಬ ಅಂಟಿನುಂಡೆ ಕಟ್ಟಿದ್ದಳು. ಒಂದನ್ನು ಒಯ್ದಿದ್ದಳು, ಇನ್ನೊಂದನ್ನು ನಾನು ಮುಂದಿನ ವಾರ ಬಸ್ಸಿಗೆ ಹಾಕಿ ಕಳಿಸಬೇಕಿತ್ತು. ತಲೆ ಓಡಬೇಕಾದರೆ ಶಕ್ತಿ ಬೇಕು ಎಂದು ಒಂದು ಉಂಡೆ ತೆಗೆದುಕೊಂಡೆ. ಒಂದೇ ಒಂದು.

ಸಂಜೆ ವಿಮಲ ಫೋನು ಮಾಡಿದಳು. "ರೀ, ಕ್ಯಾಮೆರಾ..."

"ಇನ್ನೂ ಆಗಿಲ್ಲ. ಕೆಲಸ ನಡೀತಿದೆ."

"ಅಲ್ಲ, ನಾನು ಹೇಳೋದು ಸ್ವಲ್ಪ ಕೇಳಿ..."

"ಮಧ್ಯೆ ಮಾತಾಡ್ಬೇಡ ವಿಮಲ. ಇದು ನೆಟ್‌ವರ್ಕ್ ವಿಷಯ, ನಿನಗೆ ಅರ್ಥ ಆಗಲ್ಲ." ಫೋನು ಇಟ್ಟೆ.

ಮಂಗಳವಾರ ಬೆಳಗ್ಗೆ ಹೊಸ ಆಲೋಚನೆ ಬಂತು. ಸೋಫಾ ತೀರಾ ಹತ್ತಿರವಾಯಿತೇನೋ, ದೂರದಿಂದ ನೋಡೋಣ ಎಂದು ಗೇಟಿನ ತನಕ ಹೋಗಿ ನಿಂತೆ. ನಮ್ಮ ಮನೆಯ ವೈಫೈ ಗೇಟಿನವರೆಗೂ ಚೆನ್ನಾಗಿ ಬರುತ್ತದೆ. ಚಿತ್ರ ಮಾತ್ರ ಬರಲಿಲ್ಲ. ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ಬೀದಿ ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತಿಗೆ ತಪ್ಪದೆ ಗೇಟಿನಿಂದಲೇ ಹಿಂದಿರುಗಿದೆ. ಜೀವನದಲ್ಲಿ ಒಮ್ಮೊಮ್ಮೆ ಸತ್ಯಸಂಧತೆಯೇ ಮುಳುವಾಗುತ್ತದೆ.

ಕೊನೆಗೆ ಒಂದು ಪಿನ್ನು ತೆಗೆದುಕೊಂಡು ರೌಟರಿನ ಹಿಂದಿದ್ದ ಸಣ್ಣ ತೂತಿಗೆ ಚುಚ್ಚಿದೆ. ಬರೆದಿಟ್ಟದ್ದೆಲ್ಲ ಅಳಿಸಿಹೋಯಿತು. ಮನೆಯ ಇಂಟರ್‌ನೆಟ್ಟೇ ನಿಂತಿತು. ಅದನ್ನು ಸರಿಮಾಡಿ, ಎಲ್ಲವನ್ನೂ ಮೊದಲಿನಿಂದ ಬರೆಯಲು ಮಧ್ಯಾಹ್ನವಾಯಿತು. ಅಷ್ಟರಲ್ಲಿ ಎಡಗೈ ಹತ್ತಿರ ಎರಡು ಸಲ ಕಾಫಿ ಬಂದಿತ್ತು, ಅಕ್ಕಿರೊಟ್ಟಿ ಬಂದಿತ್ತು, ನನ್ನ ಶುಗರ್ ಮಾತ್ರೆ ಬಂದಿತ್ತು. ಎಲ್ಲಿಂದ ಬಂತು ಎಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ಏಣಿ ಅಲ್ಲಾಡಿದಾಗ ಕೆಳಗೆ ಯಾರೋ ಹಿಡಿದುಕೊಳ್ಳುತ್ತಿದ್ದರು. ಅದನ್ನೂ ನಾನು ಗಮನಿಸಲಿಲ್ಲ.

ಗಮನಿಸಿದ್ದು ಒಂದನ್ನೇ. ಅತ್ತೆಯವರು ಪ್ರತಿ ಊಟಕ್ಕೂ ಮೊದಲು ತಟ್ಟೆಯನ್ನು ಕ್ಯಾಮೆರಾದ ಎದುರು ಹಿಡಿಯುತ್ತಿದ್ದರು. ಮುದ್ದೆ ಕಾಣಲೆಂದು ಒಂದು ಸಲ ಓರೆ ಮಾಡಿ, ಪಲ್ಯ ಕಾಣಲೆಂದು ಇನ್ನೊಂದು ಸಲ ಓರೆ ಮಾಡಿ ತೋರಿಸುತ್ತಿದ್ದರು. ಆಮೇಲೆ ಮಾತ್ರೆ. ಆಮೇಲೆ ಖಾಲಿ ತಟ್ಟೆ. "ತೋರಿಸು" ಎಂದು ಮಗಳು ಹೇಳಿಹೋಗಿದ್ದಳಲ್ಲ, ಅದಕ್ಕೆ. ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಪಾಪ, ಹಳೇ ಕಾಲದವರು, ಇವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದುಕೊಂಡು ಇನ್ನೊಂದು ಉಂಡೆ ತಿಂದೆ.

ಬುಧವಾರ ನನ್ನ ತಾಳ್ಮೆ ಪೂರ್ತಿ ಕೆಟ್ಟಿತು. ಮರುದಿನ ಬೆಳಗ್ಗೆ ವಿಮಲ ರೈಲು ಹತ್ತುತ್ತಾಳೆ. ಹೆಸರಿಡುವುದನ್ನು ನೋಡದೆ, ಆ ಸೀರೆಯನ್ನು ತೊಟ್ಟಿಲಿಗೆ ತಾನೇ ಹಾಸದೆ ಬಂದುಬಿಡುತ್ತಾಳೆ. ಬಂದವಳೇ ನೇರ ಅಡುಗೆಮನೆಗೆ ಹೋಗುತ್ತಾಳೆ. ಹನ್ನೆರಡು ಗಂಟೆಗೆ ವಿಮಲ ಮತ್ತೆ ಫೋನು ಮಾಡಿ, "ರೀ, ಅದು..." ಎಂದಳು. "ಈಗ ಬೇಡ ವಿಮಲ" ಎಂದು ಮತ್ತೆ ಇಟ್ಟೆ. ಸೆಕೆಗೆ ಅಂಗಿ ಬಿಚ್ಚಿಹಾಕಿ, ಪಂಚೆ ಎತ್ತಿಕಟ್ಟಿ ಏಣಿ ಹತ್ತಿದೆ. ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ. ವಿಮಲಳ ತಂಗಿಯ ಗಂಡ, ನನ್ನ ಷಡ್ಡಕ ಮಹಾದೇವಪ್ಪ ಸಿಕ್ಕಿದ. ಆತ ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು. "ಯಾರಾದ್ರೂ ಬಲ್ಲವ್ರನ್ನ ಕರೆಸ್ರಿ" ಎಂದು ಹೋದ ವಾರವೇ ನನಗೆ ಬುದ್ಧಿ ಹೇಳಿದ್ದ. ಅತ್ತೆಯವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಅಟ್ಟಕ್ಕೆ ಕೇಳುವಂತೆ ಶುರುಮಾಡಿದೆ.

"ಬಲ್ಲವ್ರನ್ನ ಕರೆಸ್ಬೇಕಂತೆ. ಸರ್ವಿಸ್ ಪೂರ್ತಿ ಕಂಬ ಎಣಿಸ್ಕೊಂಡಿದ್ದವನು ನನಗೆ ಹೇಳ್ತಾನೆ. ಮಗಳ ಮದುವೇಲಿ ಹೋಳಿಗೆಗೆ ತುಪ್ಪಾನೂ ಹಾಕ್ಸಿರ್ಲಿಲ್ಲ, ಜಿಪುಣ!"

ಫೋನು ಬಡಿಯಿತು. ಮಹಾದೇವಪ್ಪ.

"ಅಣ್ಣಾರೆ, ಆರಾಮಿದೀರಾ?"

"ಇದೀನಿ. ಸ್ವಲ್ಪ ಕೆಲಸದಲ್ಲಿದೀನಿ."

"ಗೊತ್ತೈತ್ರೀ. ಏಣಿದು ಎಡಗಾಲು ಸರಿಯಾಗಿ ಊರಿಲ್ಲ, ಹುಷಾರು."

ನಾನು ಸುತ್ತ ನೋಡಿದೆ. ನಡುಮನೆಯಲ್ಲಿ ಏಣಿ ಹಿಡಿದುಕೊಂಡಿದ್ದ ಅತ್ತೆಯವರ ಹೊರತು ಯಾರೂ ಇರಲಿಲ್ಲ. "ನಿಮಗೆ ಹೇಗೆ ಗೊತ್ತು?"

"ಕಾಣ್ತೈತಲ್ರೀ. ಟಿವಿಗೆ ಹಾಕೀವಿ. ಬಾಣಂತಿ ನೋಡಾಕ ಬಂದೋರೂ ಇಲ್ಲೇ ಕುಂತಾರ."

"ಯಾವಾಗಿಂದ?"

"ಸೋಮವಾರ ಸಂಜಿಯಿಂದ. ಚಿತ್ರ ಭಾಳ ಚೊಲೋ ಐತಿ. ಮಾತೂ ಕೇಳ್ತೈತಿ." ಅವನು ದನಿ ತಗ್ಗಿಸಿದ. "ತುಪ್ಪ ಇತ್ರೀ ಅಣ್ಣಾರೆ. ನೀವು ಕಡೇ ಪಂಕ್ತಿಗೆ ಕುಂತಿದ್ರಿ."

ಏಣಿಯ ಮೇಲೆ ನಿಂತವನಿಗೆ ಭೂಮಿ ಬಾಯಿಬಿಡಲಿ ಎಂದು ಕೇಳಿಕೊಳ್ಳಲೂ ಸೌಕರ್ಯವಿಲ್ಲ. ಮೊದಲು ಇಳಿಯಬೇಕು. ಮಹಾದೇವಪ್ಪ ಸಾವಧಾನವಾಗಿ ಬಿಡಿಸಿ ಹೇಳಿದ. ಮನೆಯ ವೈಫೈ ಹಿಡಿದುಕೊಂಡು ಮನೆಯ ಹೊರನಂಬರನ್ನೇ ಒತ್ತಿದರೆ ಕೆಲವು ರೌಟರುಗಳು ದಾರಿ ಬಿಡುವುದಿಲ್ಲವಂತೆ. ಒಳಗಿರುವವನು ರಸ್ತೆಯ ಕಡೆಯಿಂದ ಬರುತ್ತೇನೆ ಎಂದರೆ ಬಾಗಿಲಲ್ಲಿ ಕೂತ ಅಜ್ಜಿಗಾದರೂ ಏನು ತಿಳಿಯಬೇಕು? ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ ಎಂದ. ನೋಡಿದೆ. ಚಕ್ಕನೆ ತೆರೆಯಿತು. ಬರಿಮೈಯ ಗಂಡಸೊಬ್ಬ ಏಣಿಯ ಮೇಲೆ ನಿಂತಿದ್ದ. ಅವನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಅಂಟಿನುಂಡೆ. ಕೆಳಗೆ ಎಂಬತ್ತೆರಡರ ಮುದುಕಿಯೊಬ್ಬರು ಎರಡೂ ಕೈಯಲ್ಲಿ ಏಣಿಯನ್ನು ಒತ್ತಿ ಹಿಡಿದಿದ್ದರು.

ವಿಮಲ ಫೋನು ತೆಗೆದುಕೊಂಡಳು. "ಹೇಳಕ್ಕೆ ಬಂದೆ. ಎರಡು ಸಲ. ನೆಟ್‌ವರ್ಕ್ ವಿಷಯ ನನಗೆ ಅರ್ಥ ಆಗಲ್ಲ ಅಂದ್ರಿ."

"ಮೂರು ದಿನವೂ ಕಾಣ್ತಿತ್ತಾ?"

"ಚೆನ್ನಾಗಿ ಕಾಣ್ತಿತ್ತು. ನೀವು ರಿಪೇರಿ ಮಾಡಿದಾಗ ಮಾತ್ರ ನಿಂತೋಗ್ತಿತ್ತು. ಉಂಡೆ ಎಷ್ಟು ಉಳಿದಿದೆ?"

ನಾನು ಡಬ್ಬದೊಳಗೆ ಇಣುಕಿದೆ. ಲೆಕ್ಕ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಏಣಿ ಇಳಿದೆ. ಅತ್ತೆಯವರು ಸೆರಗಿನಿಂದ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದರು. ಮೂರು ದಿನ ಅಡುಗೆ ಮಾಡಿದವರು ಯಾರು, ನನಗೆ ಮಾತ್ರೆ ಕೊಟ್ಟವರು ಯಾರು ಎಂದು ಆಗ ನನಗೆ ಹೊಳೆಯಿತು. ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವನು ನಾನು. ನಿಜವಾಗಿ ನಾಚಿಕೆಯಾಯಿತು.

"ನೀನು ಬಂದ್ಬಿಡು ವಿಮಲ," ಎಂದೆ. "ನನ್ನಿಂದ ಏನೂ ಆಗ್ಲಿಲ್ಲ."

"ಯಾಕೆ ಬರ್ಲಿ? ಅಮ್ಮ ಇಷ್ಟು ಲವಲವಿಕೆಯಿಂದ ಓಡಾಡಿದ್ದು ನೋಡಿ ಎಷ್ಟೋ ವರ್ಷ ಆಗಿತ್ತು. ಎರಡು ವಾರ ಇದ್ದೇ ಬರ್ತೀನಿ. ಕ್ಯಾಮೆರಾ ಮಾತ್ರ ತೆಗೀಬೇಡಿ."

"ತೆಗೆಯಲ್ಲ. ಅಮ್ಮ ಊಟ ಮಾಡೋದನ್ನ ನೀನು ನೋಡ್ಬೇಕಲ್ಲ."

"ಅಮ್ಮನ್ನ ನೋಡಕ್ಕಲ್ಲ. ನಿನ್ನೆ ನೀವು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಕ್ಯಾಮೆರಾ ಮುಂದೆ ಬಂದು, 'ನೀನು ಧೈರ್ಯವಾಗಿರವ್ವ, ಇವ್ರನ್ನ ನಾನು ನೋಡ್ಕೋತೀನಿ' ಅಂದ್ರು. ಆದ್ರೆ ಅವ್ರಿಗೂ ವಯಸ್ಸಾಯ್ತಲ್ಲ, ಒಬ್ರ ಕೈಲಿ ಆಗೋ ಕೆಲಸ ಅಲ್ಲ ಅದು. ನಾವೂ ಇಲ್ಲಿಂದ ಒಂದು ಕಣ್ಣಿಟ್ಟಿರ್ತೀವಿ."

ಹೀಗೆ ಎರಡು ವಾರ ಎರಡು ಊರಿನಲ್ಲಿ ಎರಡು ಬಾಣಂತನ ನಡೆಯಿತು. ದಾವಣಗೆರೆಯ ಕೂಸು ಹೆಚ್ಚು ಹಟ ಮಾಡಲಿಲ್ಲವಂತೆ.