ಕೊಬ್ಬರಿ ಎಣ್ಣೆ ಕುಡಿದ ಹುಲ್ಲು ಮಿಷನ್ನು

ಯಂತ್ರಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಹೋದ ಡಿಸೆಂಬರ್‌ವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು ನಾನು!

ಶೆಟ್ಟಿಕೆರೆ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಕಾಯಿ ಕೀಳುವವರ ಮೇಸ್ತ್ರಿ ಗಂಗಣ್ಣ ಬೇಲಿಯಾಚೆಯೇ ನಿಂತು ತೀರ್ಪು ಕೊಟ್ಟ: “ಶುಕ್ರವಾರ ಬತ್ತೀವಿ ಮೇಡಮ್ಮೋರೆ. ಹುಲ್ಲು ಹೊಡ್ಸಿಲ್ಲ ಅಂದ್ರೆ ಕಾಲಿಡಾಕಿಲ್ಲ, ಹಾವು ಹುಳ ಇರ್ತವೆ. ಆಮ್ಯಾಕೆ ನಿಮ್ ಸರದಿ ಬರಾದು ಯುಗಾದಿಗೇಯ!”

ಯುಗಾದಿಯ ಹೊತ್ತಿಗೆ ಕಾಯೆಲ್ಲ ತಾವಾಗಿ ಉದುರಿ, ಹುಲ್ಲಿನೊಳಗೆ ಸೇರಿ, ಮೊಳಕೆ ಒಡೆದಿರುತ್ತವೆ. ಈ ಸಲದ ಕೊಬ್ಬರಿಗೆ ಎಳ್ಳುನೀರು!

“ನಾಕಾಳು ಕರ್ಕಂಡ್ ಬತ್ತೀನಿ ಬುಡು” ಎಂದರು ನಮ್ಮ ಯಜಮಾನರು.

“ಯಾವ ಕಾಲದಲ್ಲಿದ್ದೀರ್ರೀ? ಮಿಷನ್ ತರೋಣ” ಎಂದೆ.

ಭಾನುವಾರ ತಿಪಟೂರಿನ ಅಂಗಡಿಗೆ ಹೋದೆವು. ಫೋರ್ ಸ್ಟ್ರೋಕಿನದು ಭಾರ, ಟೂ ಸ್ಟ್ರೋಕಿನದು ಹಗುರ, ಆದರೆ ಅದಕ್ಕೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು ಎಂದು ಅಂಗಡಿಯವರು ವಿವರಿಸಿದರು. ಹಗುರದ್ದನ್ನೇ ಆರಿಸಿದೆ. ಬ್ಲೇಡು ಬೇಡ, ಮರದ ಬುಡಕ್ಕೆ ಪೆಟ್ಟಾದೀತೆಂದು ಗಿರಗಿರನೆ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರ ಹಾಕಿಸಿದೆ.

“ಲೀಟರ್‌ಗೆ ನಲವತ್ತು ಎಂ.ಎಲ್. ಟೂ ಟಿ ಆಯಿಲ್ ಹಾಕ್ಬೇಕು ಮೇಡಂ. ಒಂದು ಡಬ್ಬ ಕೊಡ್ಲಾ?”

“ಅದೆಲ್ಲಾ ಗೊತ್ತು ಬಿಡ್ರೀ!” ಎಂದು ಠೀವಿಯಿಂದ ಹೊರಟು ಬಂದೆ. ಡಬ್ಬ ಅಂಗಡಿಯಲ್ಲೇ ಉಳಿಯಿತು.

ಮನೆಗೆ ಬಂದರೆ ಪೆಟ್ರೋಲಿದೆ, ಎಣ್ಣೆಯಿಲ್ಲ. ಯಜಮಾನರು ತಿಪಟೂರಿಗೆ ಮತ್ತೆ ಹೋಗಲು ಚಪ್ಪಲಿ ಮೆಟ್ಟಿದರು. ನಾನು ತಡೆದೆ. ಎಣ್ಣೆಯ ಕರ್ತವ್ಯ ಘರ್ಷಣೆಯನ್ನು ಕಡಿಮೆ ಮಾಡುವುದು. ನಮ್ಮ ಸೀಮೆಯಲ್ಲಿ ತಲೆಗೆ, ಮಂಡಿನೋವಿಗೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಹಾಗಿದ್ದಮೇಲೆ ಮಿಷನ್ನಿಗೇಕೆ ಪಂಕ್ತಿಭೇದ? ನಮ್ಮದೇ ಕೊಬ್ಬರಿಯ ಗಾಣದೆಣ್ಣೆ! ಧಾರಾಳವಾಗಿ ಒಂದು ಲೋಟ ಸುರಿದೆ.

“ಬ್ಯಾಡ ಕಣೇ...” ಎಂದರು ಯಜಮಾನರು.

“ವಿಜ್ಞಾನ ನೀವು ಓದಿದ್ದೋ, ನಾನೋ?”

ಮಿಷನ್ ಶುರುವಾಯಿತು! ಜೊತೆಗೆ ಹೊಗೆ. ಹೊಗೆಯ ಜೊತೆಗೆ ಪರಿಮಳ. ಪಕ್ಕದ ತೋಟದ ಪುಟ್ಟಮ್ಮ ಬೇಲಿ ಹತ್ತಿರ ಓಡಿ ಬಂದಳು. “ಏನವ್ವಾ ಕರೀತಿದ್ದೀಯಾ, ಚಕ್ಕುಲಿಯಾ?”

ನಾನು ಉತ್ತರಿಸುವಷ್ಟರಲ್ಲಿ ದಾರ ಹೋಗಿ ಡ್ರಿಪ್ ಪೈಪಿಗೆ ಬಡಿಯಿತು. ಎಂಟು ಕಡೆ ಕಾರಂಜಿ! ಅರ್ಧ ಸಾಲು ಹುಲ್ಲು, ಒಂದು ಪೂರ್ತಿ ಸಾಲು ಪೈಪು ಕತ್ತರಿಸಿ ಆ ದಿನದ ಕೆಲಸ ಮುಗಿಸಿದೆ.

ಎರಡು ದಿನ ಸ್ಕೂಲಿತ್ತು. ಬುಧವಾರ ರಜೆ ಹಾಕಿ, ಕೊರೆಯುವ ಚಳಿಯಲ್ಲಿ ಮಿಷನ್ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಮತ್ತೆ ಎಳೆದೆ. ಯಜಮಾನರು ಎಳೆದರು. ಪುಟ್ಟಮ್ಮನೂ ಸೆರಗು ಸಿಕ್ಕಿಸಿ ಎಳೆದಳು. ಹಗ್ಗ ಅವಳ ಕೈಗೇ ಬಂತು.

ತಿಪಟೂರಿನ ಮೆಕ್ಯಾನಿಕ್ ರಹಮತ್ ಕಾರ್ಬೊರೇಟರ್ ಬಿಚ್ಚಿದರು. ಒಳಗೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಬೆರಳಲ್ಲಿ ತೆಗೆದು ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು.

“ಏನ್ ಮೇಡಂ, ಮಿಷನ್ನಿಗೆ ತಲೆಸ್ನಾನ ಮಾಡ್ಸೋಕೆ ಹೊರಟಿದ್ರಾ? ಚಳೀಲಿ ಕೊಬ್ರಿ ಎಣ್ಣೆ ಗಟ್ಟಿಯಾಗ್ತದೆ ಅಂತ ಸ್ಕೂಲ್ ಮಕ್ಳಿಗೂ ಗೊತ್ತು!”

ಗೊತ್ತು ಸ್ವಾಮೀ, ಗೊತ್ತು! ಆ ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ದ್ರವ ಘನವಾಗುವುದಕ್ಕೆ ಪ್ರತಿವರ್ಷ ನಾನು ಕೊಡುವ ಉದಾಹರಣೆಯೇ ಕೊಬ್ಬರಿ ಎಣ್ಣೆ ಬಾಟಲಿ. ಯಜಮಾನರು ಆಚೆ ತಿರುಗಿ ನಿಂತಿದ್ದರು. ಅವರ ಭುಜಗಳು ಕುಣಿಯುತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು.

ಮಿಷನ್ ಕೈಗೆ ಸಿಕ್ಕಿದ್ದು ಗುರುವಾರ ಸಂಜೆ. ಶುಕ್ರವಾರ ಮತ್ತೊಂದು ರಜೆ ಹಾಕಿ, ಬೆಳಕು ಹರಿಯುತ್ತಲೇ ತೋಟಕ್ಕಿಳಿದೆ. ಸರಿಯಾದ ಎಣ್ಣೆ ಕುಡಿದ ಮಿಷನ್ನಿಗೆ ಎಲ್ಲಿಲ್ಲದ ರೋಷ! ಬಲಿಯದೆ ಉದುರಿದ ಹೀಚುಗಾಯಿಗಳು ಹುಲ್ಲಿನಲ್ಲಿ ಬಿದ್ದಿದ್ದವು. ಆರಿಸಿಕೊಳ್ಳುತ್ತೇನೆ, ತಡಿ ಎಂದು ಯಜಮಾನರು ಕೂಗಿದರಂತೆ. ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ದಾರಕ್ಕೆ ಸಿಕ್ಕಿದ ಹೀಚುಗಳು ಒಂದೊಂದಾಗಿ ಕವಣೆಕಲ್ಲಿನಂತೆ ಹಾರಿದವು. ಸರಿಯಾಗಿ ಅದೇ ಹೊತ್ತಿಗೆ ಗಂಗಣ್ಣ ತನ್ನ ಜನರೊಡನೆ ಒಳಗೆ ಬರುತ್ತಿದ್ದ. ಮೊದಲನೆಯದು ಅವನ ಮೊಪೆಡ್‌ನ ಲೈಟಿಗೆ. ಎರಡನೆಯದು ಅವನ ಮೊಣಕಾಲಿಗೆ. ಮೂರನೆಯದು ಬರುವಷ್ಟರಲ್ಲಿ ಮೇಸ್ತ್ರಿ ಮರದ ಹಿಂದೆ!

ಮಿಷನ್ ನಿಲ್ಲಿಸಿದೆ. ಮುಕ್ಕಾಲು ತೋಟದ ಹುಲ್ಲು ಹಾಗೇ ನಿಂತಿತ್ತು. ಕಾಯಿ ಹೋಯಿತು, ಮಾನವೂ ಹೋಯಿತು ಎಂದು ಅಳುವೇ ಬಂತು.

“ಗಂಗಣ್ಣ, ಒಂದ್ ಗಂಟೆ ಕೊಡಪ್ಪ, ಮುಗಿಸಿಬಿಡ್ತೀನಿ.”

ಗಂಗಣ್ಣ ಮರದ ಹಿಂದಿನಿಂದಲೇ ಕೈಮುಗಿದ. “ಬ್ಯಾಡಿ ತಾಯಿ! ಹಾವಿದ್ರೂ ಇಳೀತೀವಿ. ನಾವ್ ಹೋಗಗಂಟ ನೀವು ಮಿಷನ್ ಹಿಡ್ಕಂಡು ಈಚೆಗೆ ಬರ್ಬ್ಯಾಡಿ, ಅಷ್ಟೇಯ!”

ಕಾಯೆಲ್ಲ ಆ ದಿನವೇ ಇಳಿಯಿತು. ನಾನು ಸಂಜೆವರೆಗೆ ಮಿಷನ್ ಜೊತೆ ನಡುಮನೆಯಲ್ಲಿ ಕೂತಿದ್ದೆ. ಹೊರಗಿನಿಂದ ಚಿಲಕ ಹಾಕಿದ್ದು ಗಂಗಣ್ಣನಲ್ಲ, ನಮ್ಮ ಯಜಮಾನರು!