ಚಕ್ರವರ್ತಿಗಳು ಕ್ಷೇಮವಾಗಿದ್ದಾರೆ

೧೯೭೬ನೆಯ ಇಸವಿಯಲ್ಲಿ ಮಳವಳ್ಳಿಯ ನಮ್ಮ ಕಚೇರಿಯಲ್ಲಿ ಚೀನಾ ದೇಶದ ಚಕ್ರವರ್ತಿಗಳು ತೀರಿಕೊಳ್ಳಲಿಲ್ಲ ಎಂಬುದನ್ನು ಈ ಮೂಲಕ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ. ಬೇರೆ ಕಚೇರಿಗಳಲ್ಲಿ ಅವರು ತೀರಿಕೊಂಡಿದ್ದರೆ ಅದಕ್ಕೆ ಆಯಾ ಕಚೇರಿಯವರೇ ಹೊಣೆ.

ಇಲಾಖೆ ಯಾವುದು ಅಂತ ಕೇಳಬೇಡಿ, ನಾನಿನ್ನೂ ಅಲ್ಲೇ ಕೂತಿದ್ದೇನೆ. ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ನೌಕರರ ಅಭಿರುಚಿಯನ್ನು ಎತ್ತರಿಸುವ ಸಲುವಾಗಿ ಪ್ರತಿ ಕಚೇರಿಯಲ್ಲೂ ಓದುಗರ ಬಳಗ ಸ್ಥಾಪಿಸತಕ್ಕದ್ದು, ತಿಂಗಳಿಗೊಮ್ಮೆ ಸೇರಿ ಅನಿಸಿಕೆಗಳನ್ನು ಹಂಚಿಕೊಳ್ಳತಕ್ಕದ್ದು, ಅನಿಸಿಕೆ ಇಲ್ಲದವರು ಆ ದಿನ ರಜೆ ಹಾಕತಕ್ಕದ್ದು. ಜೊತೆಗೆ ಒಂದು ಪುಸ್ತಕವೂ ಬಂತು. ಚೀನಾದ ಅರಮನೆಯ ಮೇಲೆ ಯಾರೋ ಬರೆದ ದಪ್ಪನೆಯ ಚಾರಿತ್ರಿಕ ಕಾದಂಬರಿ. ಇಡೀ ಕಚೇರಿಗೆ ಒಂದೇ ಪ್ರತಿ. ಅದು ನೆಟ್ಟಗೆ ಹೋಗಿ ರಾಮಾನುಜ ಸಾಹೇಬರ ಮೇಜಿನ ಮೇಲೆ ಕೂತಿತು. ಬಳಗಕ್ಕೆ ಅವರೇ ಅಧ್ಯಕ್ಷರು, ನಾನು ಕಾರ್ಯದರ್ಶಿ.

ಸಾಹೇಬರು ಗಂಭೀರ ಓದುಗರು. ಮಧ್ಯಾಹ್ನದ ಊಟವಾದ ಮೇಲೆ ಪುಸ್ತಕ ತೆರೆಯುತ್ತಿದ್ದರು, ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಗೊರಕೆ ಬರುತ್ತಿತ್ತು. ಎದ್ದ ಮೇಲೆ ಊದುಬತ್ತಿ ಕಡ್ಡಿಯೊಂದನ್ನು ಗುರುತಿಗಿಟ್ಟು ಪುಸ್ತಕ ಮುಚ್ಚುತ್ತಿದ್ದರು. ಅವರು ಬೆಳಕವಾಡಿ ಕಡೆ ಕ್ಯಾಂಪು ಹೋದಾಗಲೆಲ್ಲ ನಾವು ಸರದಿಯ ಮೇಲೆ ಓದಿ, ಕಡ್ಡಿಯನ್ನು ಮಾತ್ರ ಇದ್ದ ಪುಟದಲ್ಲೇ ಇಟ್ಟುಬಿಡುತ್ತಿದ್ದೆವು. ಹೀಗೆ ದೀಪಾವಳಿಯ ಹೊತ್ತಿಗೆ ಕಚೇರಿಯವರೆಲ್ಲ ಕಾದಂಬರಿ ಮುಗಿಸಿದರು. ಸಾಹೇಬರ ಕಡ್ಡಿ ಮಾತ್ರ ಚಕ್ರವರ್ತಿಗಳಿಗೆ ನೆಗಡಿಯಾದ ಪುಟದಲ್ಲಿತ್ತು.

ಇದರಿಂದ ಆಡಳಿತಾತ್ಮಕ ತೊಡಕು ಉಂಟಾಗಬಾರದೆಂದು ಹೆಡ್ ಗುಮಾಸ್ತೆ ಸರಸಮ್ಮನವರು ಒಂದು ನಿಯಮ ಸೂಚಿಸಿದರು: ಅಧ್ಯಕ್ಷರ ಕಡ್ಡಿಯನ್ನು ದಾಟಿ ಯಾರೂ ಅನಿಸಿಕೆ ಹೊಂದತಕ್ಕದ್ದಲ್ಲ. ನಿಯಮ ಸರ್ವಾನುಮತದಿಂದ ಪಾಸಾಯಿತು. ಅಂದಿನಿಂದ ಪ್ರತಿ ಸಭೆಯಲ್ಲೂ ನೆಗಡಿಯ ಬಗ್ಗೆ ಮಾತ್ರ ಅನಿಸಿಕೆ. ಒಬ್ಬರು ಮೆಣಸಿನ ಸಾರು ಕೊಡಬೇಕಿತ್ತು ಎಂದರು. ಸರಸಮ್ಮನವರು ಶುಂಠಿ ಕಷಾಯ ಎಂದರು. ಚೀನಾದ ನೆಗಡಿಯಲ್ಲಿ ಲೇಖಕರು ಮಾನವೀಯತೆಯನ್ನು ಕಂಡಿದ್ದಾರೆ ಎಂದು ನಾನು ಮಾತನಾಡಿದೆ.

ನಿಮಗೆ ಮಾತ್ರ ಹೇಳುತ್ತೇನೆ, ಮುಂದಿನ ಪುಟದಲ್ಲೇ ಚಕ್ರವರ್ತಿ ಸಾಯುತ್ತಾನೆ. ಸುದ್ದಿ ಹೊರಗೆ ಬಿದ್ದರೆ ಕುರ್ಚಿ ಹೋಗುತ್ತದೆ ಅಂತ ಮಂತ್ರಿಗಳು ಮಂಚದ ಸುತ್ತ ಪರದೆ ಎಳೆದು, ಹೊತ್ತುಹೊತ್ತಿಗೆ ಒಳಗೆ ಊಟ ಕಳಿಸಿ, ತಾವೇ ತಿಂದು, ಬರಿ ತಟ್ಟೆ ಹೊರಗೆ ತಂದು, "ಪ್ರಭುಗಳು ಹೊಟ್ಟೆ ತುಂಬ ಉಂಡರು" ಅಂತ ಸಾರುತ್ತಾರೆ. ಕೇಳಿದವರೆಲ್ಲ ಕೈಮುಗಿಯುತ್ತಾರೆ. ಆ ಭಾಗ ಓದಿ ನಾವು ಬಿದ್ದೂ ಬಿದ್ದೂ ನಕ್ಕಿದ್ದೆವು. ಎಂಥಾ ನಾಚಿಕೆಗೆಟ್ಟ ಜನ, ಥೂ!

ಈ ಸುವ್ಯವಸ್ಥೆಗೆ ಭಂಗ ತಂದವನು ಸಿದ್ದರಾಜು. ಎರಡನೇ ದರ್ಜೆ ಗುಮಾಸ್ತ. ಅವನ ಹೆಂಡತಿ ಸಣ್ಣತಾಯಮ್ಮ ಬಸುರಿ, ಮದ್ದೂರಿನಲ್ಲಿದ್ದಳು. ಮದ್ದೂರಿನ ನಮ್ಮ ಶಾಖೆಯಲ್ಲಿ ಒಂದು ಜಾಗವೂ ಖಾಲಿ ಇತ್ತು. ಅಲ್ಲಿಗೆ ವರ್ಗ ಕೇಳಿ ಅವನು ಕೊಟ್ಟ ಅರ್ಜಿ ಕಾದಂಬರಿಯ ಕೆಳಗೆ ಮಲಗಿತ್ತು. ಕೇಳಿದಾಗಲೆಲ್ಲ ಸಾಹೇಬರು, "ಪುಸ್ತಕ ಮುಗೀಲಿ ಸಿದ್ದರಾಜು. ಎರಡು ಕಡೆ ಮನಸ್ಸಿಡೋದು ನನ್ನ ಜಾಯಮಾನವಲ್ಲ" ಅನ್ನುತ್ತಿದ್ದರು. ಪಾಪ, ಸಾಹೇಬರಿಗೆ ಓದಲು ಹುಮ್ಮಸ್ಸು ಬರಲಿ ಅಂತ ಇವನು ಪ್ರತಿ ಸೋಮವಾರ ಮದ್ದೂರಿನಿಂದ ಬರುವಾಗ ಬಿಸಿ ವಡೆ ಕಟ್ಟಿಸಿಕೊಂಡು ಬರುತ್ತಿದ್ದ. ವಡೆ ತಿಂದ ದಿನ ಸಾಹೇಬರಿಗೆ ಪುಸ್ತಕ ತೆರೆಯುವ ಮೊದಲೇ ನಿದ್ದೆ ಬರುತ್ತಿತ್ತು.

ಡಿಸೆಂಬರ್ ಸಭೆಯಲ್ಲಿ ಶುಂಠಿ ಕಷಾಯದ ಚರ್ಚೆ ಮತ್ತೆ ಶುರುವಾದಾಗ ಸಿದ್ದರಾಜು ಎದ್ದು ನಿಂತ.

"ಸಾ, ಅವ್ನು ಸತ್ತೋದ ಸಾ! ಮುಂದಿನ್ ಪುಟದಲ್ಲೇ ಸತ್ತೋಗವ್ನೆ. ಇನ್ನೇನ್ ಓದೀರಿ, ಒಂದ್ ಸೈನ್ ಆಕ್ಬುಡಿ ಸಾ. ನಮ್ಮೋಳ್ಗೆ ಎರ್ಗೆ ದಿನ ಅತ್ರ ಬಂತು."

'ಮಾತು ಕಡಿಮೆ, ದುಡಿಮೆ ಹೆಚ್ಚು' ಅಂತ ಗೋಡೆಯ ಮೇಲೆ ಆ ವರ್ಷವೇ ಬರೆಸಿದ್ದರು, ಎಲ್ಲರೂ ಅದನ್ನೇ ಓದುತ್ತ ಕೂತೆವು.

ಸಾಹೇಬರು ನಿಧಾನವಾಗಿ ಕೇಳಿದರು, "ಸರಸಮ್ಮನವರೇ, ಯಾರಾದರೂ ಸತ್ತಿದ್ದಾರೆಯೇ?"

"ಇಲ್ಲ ಸಾರ್, ಬರೀ ನೆಗಡಿ."

ಮಾರನೆಯ ದಿನವೇ ಮೆಮೊ ಹೊರಟಿತು: "ಶ್ರೀ ಸಿದ್ದರಾಜು ಇವರು ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ ಚಕ್ರವರ್ತಿಗಳ ಮರಣವನ್ನು ಅವಧಿಗೆ ಮುನ್ನವೇ ಉಂಟುಮಾಡಿರುತ್ತಾರೆ. ಇವರ ಮೇಲೆ ಶಿಸ್ತುಕ್ರಮವನ್ನು ಏಕೆ ಜರುಗಿಸಬಾರದು?" ವರ್ಗದ ಅರ್ಜಿಗೂ ಮೆಮೊದ ಇತ್ಯರ್ಥಕ್ಕೂ ಗಂಟು ಹಾಕಲಾಯಿತು.

ಸರಸಮ್ಮನವರು ಅವನನ್ನು ಪಕ್ಕಕ್ಕೆ ಕರೆದರು. "ಬದುಕಿದ್ದಾನೆ ಅಂತ ಬರಕೊಟ್ಟುಬಿಡಪ್ಪ. ಆ ಚೀನಾದವನೇನು ನಿನ್ನ ದೊಡ್ಡಪ್ಪನಾ?"

"ಸತ್ತೋನ್ನ ಬದುಕವ್ನೆ ಅಂತ ಎಂಗಮ್ಮ ಬರೀಲಿ?"

"ಕೈಯಲ್ಲಿ ಬರಿ."

ಬರೆದ. "ಚಕ್ರವರ್ತಿಗಳು ಕ್ಷೇಮವಾಗಿದ್ದಾರೆ, ನೆಗಡಿಯೂ ಕಡಿಮೆಯಾಗಿದೆ." ಸಾಹೇಬರು ಆಕ್ಷೇಪಿಸಿದರು. ನೆಗಡಿ ಕಡಿಮೆಯಾದ ವಿಷಯ ತಾವು ಓದಿದ ಪುಟದಲ್ಲಿಲ್ಲ, ಇದು ಮತ್ತೆ ಕಡ್ಡಿ ದಾಟಿದ ಅಪರಾಧ ಎಂದರು. ನೆಗಡಿ ಯಥಾಸ್ಥಿತಿಯಲ್ಲಿದೆ ಎಂದು ತಿದ್ದಿಸಿಕೊಂಡ ಮೇಲೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಇಂಥ ದುರ್ಘಟನೆ ಮರುಕಳಿಸಬಾರದಲ್ಲ? ಅದಕ್ಕಾಗಿ ಕಡ್ಡಿಯಿಂದಾಚೆಯ ಪುಟಗಳನ್ನೆಲ್ಲ ಒಟ್ಟು ಸೇರಿಸಿ, ದಾರ ಬಿಗಿದು, ಗಂಟಿನ ಮೇಲೆ ಅರಗಿನ ಮೊಹರು ಒತ್ತಲಾಯಿತು. ಒತ್ತಿ ಆದ ಮೇಲೆ ಸಾಹೇಬರೇ ಮುಂದಕ್ಕೆ ಓದುವ ಹಾಗಿಲ್ಲ ಎಂದು ಗೊತ್ತಾಯಿತು. ಮೊಹರು ಒಡೆಯಲು ಮಂಡ್ಯದ ಅಪ್ಪಣೆ ಬೇಕು. ಮಂಡ್ಯಕ್ಕೆ ಬರೆದೆವು. ಪುಸ್ತಕದಲ್ಲಿ ಮುಂದೆ ಏನಿದೆ ಎಂದು ತಿಳಿಸಿದರೆ ಅಪ್ಪಣೆ ಕೊಡುವುದನ್ನು ಪರಿಶೀಲಿಸಲಾಗುವುದು ಎಂದು ಅವರು ಬರೆದರು. ಮುಂದೆ ಏನಿದೆ ಎಂದು ನಮಗೆ ಗೊತ್ತಿರಲು ಸಾಧ್ಯವಿಲ್ಲ ಎಂದು ನಾವು ತಿಳಿಸಿದೆವು. ವಿಷಯ ಇಂದಿಗೂ ಪರಿಶೀಲನೆಯಲ್ಲಿದೆ.

ಪುಸ್ತಕ ಮುಗಿಯಲಿಲ್ಲ, ಅರ್ಜಿ ಏಳಲಿಲ್ಲ. ಸಿದ್ದರಾಜುಗೆ ಹೆಣ್ಣು ಮಗು ಹುಟ್ಟಿದ ಸುದ್ದಿಯನ್ನು ಮದ್ದೂರು ಬಸ್ಸಿನ ಕಂಡಕ್ಟರು ಕಚೇರಿಯ ಕಿಟಕಿಯಿಂದ ಕೂಗಿ ಹೇಳಿದ. ಸಭೆ ನಡೆಯುತ್ತಿದ್ದುದರಿಂದ ಸಿದ್ದರಾಜು ಎದ್ದು ಹೋಗಲಿಲ್ಲ, ಕೂತಲ್ಲೇ ಕಣ್ಣೊರೆಸಿಕೊಂಡ. ನನಗೂ ಅಯ್ಯೋ ಪಾಪ ಅನ್ನಿಸಿತು, ಆದರೆ ಅದನ್ನು ನಡಾವಳಿಯಲ್ಲಿ ಸೇರಿಸಲು ಅವಕಾಶವಿರಲಿಲ್ಲ.

ಮುಂದಿನ ವರ್ಷ ರಾಮಾನುಜ ಸಾಹೇಬರು ಬಡ್ತಿ ಪಡೆದು ಮಂಡ್ಯಕ್ಕೆ ಹೋದರು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಹೀಗೆ ನಮೂದಾಗಿದೆ: ಮೇಜು ಒಂದು, ಕುರ್ಚಿ ಎರಡು, ಚಕ್ರವರ್ತಿ ಒಂದು (ಜೀವಂತ). ಹೊನ್ನಯ್ಯ ಸಾಹೇಬರು ಬಂದು ಸಹಿ ಹಾಕಿ ಎಲ್ಲವನ್ನೂ ವಹಿಸಿಕೊಂಡರು. ಹಿಂದಿನವರ ಓದು ತಮ್ಮ ಲೆಕ್ಕಕ್ಕೆ ಬಾರದೆಂದು ಮೊದಲನೆಯ ಪುಟದಿಂದ ಶುರುಮಾಡಿದರು. ಅರ್ಜಿಯನ್ನು ಎತ್ತಿ ನೋಡಿ, "ಇರಲಿ, ಮುಗಿಸಿ ನೋಡೋಣ" ಎಂದು ಮತ್ತೆ ಪುಸ್ತಕದ ಕೆಳಗಿಟ್ಟರು.

ಸಿದ್ದರಾಜುವಿನ ಮಗಳು ಈಗ ನಡೆಯುತ್ತಾಳೆ. ಭಾನುವಾರ ಅಪ್ಪ ಮನೆಗೆ ಹೋದರೆ ಯಾರೋ ಬಂದರು ಅಂತ ಅಳುತ್ತಾ ಸಣ್ಣತಾಯಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತಾಳಂತೆ.

ಹೊಸ ಸಾಹೇಬರ ಮೊದಲ ಸಭೆ ಸೋಮವಾರ ನಡೆಯಿತು. ವಡೆ ಬಂದಿತ್ತು. ಸಾಹೇಬರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಹೇಗಿದ್ದಾರಪ್ಪ ನಿಮ್ಮ ಚಕ್ರವರ್ತಿಗಳು?" ಎಂದು ಕೇಳಿದರು.

ಎಲ್ಲರಿಗಿಂತ ಮೊದಲು ಸಿದ್ದರಾಜು ಎದ್ದು ಕೈಕಟ್ಟಿ ನಿಂತ.

"ಚೆಂದಾಗವ್ರೆ ಸಾ. ಒಟ್ಟೆ ತುಂಬ ಉಂಡವ್ರೆ."

ಈ ಸಲ ಯಾರಿಗೂ ನಗು ಬರಲಿಲ್ಲ. ನಾವೆಲ್ಲ ಕೈಮುಗಿದೆವು.